ಖಾಲಿ ಉತ್ತರ ಕ್ಯಾಶ್ ಸೇರದಿರಲು: ‘ಅನ್‌ಲೆಸ್’ ಷರತ್ತೋ, ರೆಡಿಸ್ ನಿರ್ಬಂಧವೋ?

ರಾಯಚೂರಿನ ಎಪಿಎಂಸಿಯ ಹತ್ತಿ ದರ ತೋರಿಸುವ ಜಾಲತಾಣವನ್ನು ಸ್ಪ್ರಿಂಗ್‌ನಲ್ಲಿ (ಜಾವಾ ತಂತ್ರಾಂಶ ಚೌಕಟ್ಟು) ಕಟ್ಟುವವರು, ಹರಾಜಿಗೆ ಮುನ್ನ ಬಂದ ಖಾಲಿ ಉತ್ತರವೇ ಕ್ಯಾಶ್‌ನಲ್ಲಿ (ಉತ್ತರಗಳನ್ನು ಮರುಬಳಕೆಗೆ ತಾತ್ಕಾಲಿಕವಾಗಿ ಇಡುವ ಜಾಗ) ಕುಳಿತು ಸಂಜೆಯವರೆಗೂ ರೈತರಿಗೆ ಕಾಣುವುದನ್ನು ತಪ್ಪಿಸಲು ‘ಅನ್‌ಲೆಸ್’ ಷರತ್ತು, ರೆಡಿಸ್ (ಕ್ಯಾಶ್ ಇಡಲು ಬಳಸುವ ದತ್ತಸಂಗ್ರಹ) ನಿರ್ಬಂಧ ಎಂಬ ಎರಡರಲ್ಲಿ ಒಂದನ್ನು ಆರಿಸಬಹುದು.

ಮೆಥಡ್‌ನ (ಕೋಡ್‌ನ ಒಂದು ಕಾರ್ಯಘಟಕ) ಫಲಿತಾಂಶವನ್ನು ಕ್ಯಾಶ್‌ಗೆ ಹಾಕಲು ಹೇಳುವ ಸ್ಪ್ರಿಂಗ್ ಗುರುತಾದ ‘ಕ್ಯಾಶಬಲ್’ನ ‘ಅನ್‌ಲೆಸ್’ ಷರತ್ತು ಮೆಥಡ್ ಮುಗಿದ ಮೇಲೆ ಪರಿಶೀಲನೆಗೆ ಒಳಗಾಗುವುದರಿಂದ ಫಲಿತಾಂಶವನ್ನು ನೋಡಿಯೇ ನಿರ್ಧರಿಸುತ್ತದೆ. ಅದೇ ಗುರುತಿನ ‘ಕಂಡೀಷನ್’ ಷರತ್ತು ಮೆಥಡ್‌ಗೂ ಮೊದಲೇ ನಡೆಯುವುದರಿಂದ ಇಲ್ಲಿ ಉಪಯೋಗಕ್ಕೆ ಬಾರದು. ಆದರೆ ಫಲಿತಾಂಶ ನಲ್ (ಯಾವ ಮೌಲ್ಯವೂ ಇಲ್ಲದ ಸ್ಥಿತಿ) ಆಗಿದೆಯೇ ಎಂದಷ್ಟೇ ಕೇಳಿದರೆ ಖಾಲಿ ಪಟ್ಟಿ ನುಸುಳಿಬಿಡುತ್ತದೆ (ಎಡವುವುದು ಸುಲಭವಾದ ಜಾಗ ಇದೇ), ಆದ್ದರಿಂದ ‘ಈಸ್‌ಎಂಪ್ಟಿ’ ಪರೀಕ್ಷೆಯನ್ನೂ ಸೇರಿಸಬೇಕು.

ರೆಡಿಸ್ ಸಂರಚನೆಯಲ್ಲಿ ನಲ್ ಸಂಗ್ರಹವನ್ನು ನಿಷೇಧಿಸಿದರೆ ಅದು ಆ ಸಂರಚನೆಯ ಕ್ಯಾಶ್ ಬಳಸುವ ಎಲ್ಲ ಮೆಥಡ್‌ಗಳಿಗೂ ಒಮ್ಮೆಲೇ ಅನ್ವಯಿಸುತ್ತದೆ, ನಿಜ. ಆದರೆ ನಲ್ ಬಂದಾಗ ಸುಮ್ಮನೆ ಬಿಡದೆ ಎಕ್ಸೆಪ್ಷನ್ (ದೋಷ) ಎಸೆಯುತ್ತದೆ, ಖಾಲಿ ಪಟ್ಟಿಯನ್ನಂತೂ ತಡೆಯುವುದೇ ಇಲ್ಲ. ನನ್ನ ಆಯ್ಕೆ ‘ಅನ್‌ಲೆಸ್’. ‘ಸಿಂಕ್’ (ಏಕಕಾಲದ ಕೋರಿಕೆಗಳಲ್ಲಿ ಒಂದಷ್ಟೇ ಮೆಥಡ್ ನಡೆಸುವಂತೆ ಮಾಡುವ ಆಯ್ಕೆ) ಬಳಸುವವರಿಗೆ ಮಾತ್ರ ಅದು ದಕ್ಕದು.