ಐಸ್ ಫಿಶಿಂಗ್‌ಗೆ ಯಾವ ಸೂಟ್? ನಾಲ್ಕನ್ನು ಹಾಕಿ, ನೀರಿಗೂ ಇಳಿದು ನೋಡಿದ ಮೇಲೆ

ಮೊದಲೇ ಹೇಳಿಬಿಡ್ತೀನಿ. ಮಿನೆಸೋಟಾದ ಚಳಿಯಲ್ಲಿ, ಹೆಪ್ಪುಗಟ್ಟಿದ ಕೆರೆ ಮೇಲೆ ಕೂತು ಗಾಳ ಹಾಕೋಕೆ ಸೂಟ್ ಹುಡುಕುವವರೆಲ್ಲ ಮೊದಲು ಕೇಳೋದು "ಎಷ್ಟು ಬೆಚ್ಚಗಿರುತ್ತೆ?" ಅಂತ. ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ಚಳಿ ಜಾಸ್ತಿಯಾದರೆ ಒಳಗೆ ಇನ್ನೊಂದು ಉಣ್ಣೆ ಅಂಗಿ ಹಾಕಿಕೊಳ್ಳಬಹುದು, ಟೆಂಟ್ ಒಳಗೆ ಹೀಟರ್ ಹಚ್ಚಬಹುದು. ಆದರೆ ಕಾಲ ಕೆಳಗಿನ ಐಸ್ ಬಿರಿದಾಗ ಮೈ ಮೇಲೆ ಏನಿದೆಯೋ ಅಷ್ಟೇ. ಹಾಗಾಗಿ ಮೊದಲು ನೋಡಬೇಕಾದ್ದು ನೀರಲ್ಲಿ ಅದು ಹೇಗಿರುತ್ತೆ ಅನ್ನೋದನ್ನ. ಅದರ ಜೊತೆಗೇ, ಇಡೀ ದಿನ ಜಿಪ್ ಹಾಕಿಕೊಂಡು ಅದರಲ್ಲಿ ಇರೋಕೆ ಆಗುತ್ತಾ ಅನ್ನೋದನ್ನ.

ನಮ್ಮ ಗುಂಪಿನಲ್ಲಿ ಮಿನಿಯಾಪೊಲಿಸ್ ಸುತ್ತಮುತ್ತ ಇರುವ ಕನ್ನಡದವರೇ ಜಾಸ್ತಿ, ಅದರಲ್ಲೂ ಅರ್ಧ ಜನ ಕರಾವಳಿಯವರು. ಮೀನು ಅಂದರೆ ಮೈನಸ್ 20 ಡಿಗ್ರಿಯಲ್ಲೂ ಎದ್ದು ಬರುವವರು. ಒಬ್ಬೊಬ್ಬರ ಹತ್ತಿರ ಒಂದೊಂದು ಥರದ ಸೂಟ್ ಇತ್ತು. ಚಳಿಗಾಲ ಪೂರ್ತಿ ಅದಲು ಬದಲು ಮಾಡಿಕೊಂಡು ಹಾಕಿದೆವು. ಮೇ ತಿಂಗಳಲ್ಲಿ, ಐಸ್ ಕರಗಿ ಕೆರೆ ತಿಳಿಯಾದ ಮೇಲೆ, ಸ್ನೇಹಿತನ ಮನೆ ಹಿಂದೆ ನೀರಿನೊಳಕ್ಕೆ ಚಾಚಿದ ಹಲಗೆಯ ಡಾಕ್‌ನಿಂದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಂದೊಂದನ್ನೂ ಹಾಕಿಕೊಂಡು ನೀರಿಗೆ ಇಳಿದೆ. ಪಕ್ಕದ ಮನೆಯ ಅಜ್ಜಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಅವರು ಏನು ಅಂದುಕೊಂಡರೋ ಕೇಳೋಕೆ ಹೋಗಲಿಲ್ಲ.

ಹೋಲಿಸಿದ ನಾಲ್ಕು ಇವು. ಒಂದು, ಜಾಕೆಟ್ ಮತ್ತು ಬಿಬ್ ಎರಡರಲ್ಲೂ ತೇಲುವ ಫೋಮ್ ಇರುವ ಜೋಡಿ ಸೂಟ್. ಎರಡು, ಜಾಕೆಟ್‌ನಲ್ಲಿ ಮಾತ್ರ ಫೋಮ್, ಕೆಳಗೆ ಸಾಮಾನ್ಯ ಚಳಿಗಾಲದ ಬಿಬ್. ಮೂರು, ಕತ್ತಿನಿಂದ ಕಾಲಿನ ತನಕ ಒಂದೇ ಬಟ್ಟೆಯಾಗಿರುವ, ದೋಣಿಯಲ್ಲಿ ಕೆಲಸ ಮಾಡುವವರು ಹಾಕುವ ಕವರ್‌ಆಲ್. ನಾಲ್ಕು, ಮನೆಯಲ್ಲಿರುವ ಸ್ನೋಮೊಬೈಲ್ (ಹಿಮದ ಮೇಲೆ ಓಡಿಸುವ ಗಾಡಿ) ಕೋಟಿನ ಮೇಲೆ ಲೈಫ್ ಜಾಕೆಟ್. ಬಿಬ್ ಅಂದರೆ ಭುಜಕ್ಕೆ ಪಟ್ಟಿ ಇರುವ, ಎದೆ ತನಕ ಬರುವ ದಪ್ಪ ಪ್ಯಾಂಟ್. ಸ್ಟ್ರೈಕರ್, ಕ್ಲ್ಯಾಮ್, ಎಸ್ಕಿಮೊ ಎಲ್ಲರೂ ಇಂಥ ತೇಲುವ ಸೂಟ್ ಮಾರುತ್ತಾರೆ. ಯಾರದ್ದು ಒಳ್ಳೆಯದು ಅಂತ ಇಲ್ಲಿ ಹೇಳಲ್ಲ, ಯಾವ ಥರದ್ದು ಅಂತ ಹೇಳ್ತೀನಿ. ಬ್ರ್ಯಾಂಡ್‌ಗಿಂತ ಫೋಮ್ ಎಲ್ಲೆಲ್ಲಿ ಇದೆ ಅನ್ನೋದರಿಂದ ಆಗುವ ವ್ಯತ್ಯಾಸವೇ ದೊಡ್ಡದು.

ಇದೆಲ್ಲ ಯಾಕೆ ಬೇಕು ಅನ್ನುವವರಿಗೆ ಎರಡು ಮಾತು. ಮಿನೆಸೋಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳೋ ಪ್ರಕಾರ ನಡೆದುಕೊಂಡು ಹೋಗೋಕೆ ಹೊಸದಾದ, ತಿಳಿಯಾದ ಐಸ್ ಕಡೇಪಕ್ಷ 4 ಇಂಚು ದಪ್ಪ ಇರಬೇಕು. ಹಿಮ ಬೆರೆತ ಬಿಳಿ ಐಸ್‌ಗೆ ಅರ್ಧದಷ್ಟೇ ಬಲ, ಅದಕ್ಕೆ ದಪ್ಪ ಎರಡರಷ್ಟಿರಬೇಕು. ಯಾವ ಐಸನ್ನೂ ಪೂರ್ತಿ ನಂಬಬೇಡಿ ಅಂತಲೂ ಅವರೇ ಹೇಳ್ತಾರೆ. 2022ರ ನವೆಂಬರ್ ಕೊನೆಯಲ್ಲಿ ಉತ್ತರ ಮಿನೆಸೋಟಾದ ಅಪ್ಪರ್ ರೆಡ್ ಲೇಕ್‌ನಲ್ಲಿ ದೊಡ್ಡ ಐಸ್ ಹಾಳೆಯೊಂದು ದಡದಿಂದ ಬಿಟ್ಟುಕೊಂಡು, ಅದರ ಮೇಲಿದ್ದ ಸುಮಾರು 200 ಜನರನ್ನು ಕರೆತರಬೇಕಾಯಿತು. ಸೀಸನ್ ಶುರುವಿನಲ್ಲೂ ಕೊನೆಯಲ್ಲೂ ಹೀಗೇ. ಮೀನು ಚೆನ್ನಾಗಿ ಕಚ್ಚೋದೂ ಅವಾಗಲೇ, ಏನು ಮಾಡೋದು!

ಇನ್ನೊಂದು, 1-10-1 ಲೆಕ್ಕ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಅವರಿಂದ ಎಲ್ಲೆಡೆ ಹರಡಿದ್ದು. ತಣ್ಣೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಹತೋಟಿಗೆ ತಂದುಕೊಳ್ಳೋಕೆ. ಆಮೇಲೆ ಸುಮಾರು 10 ನಿಮಿಷ ಕೈಕಾಲು ಹೇಳಿದ ಹಾಗೆ ಕೇಳುತ್ತವೆ. ಚಳಿಗೆ ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಅಂದರೆ ಜನ ಅಂದುಕೊಳ್ಳುವ ಹಾಗೆ ಚಳಿ ಕೂಡಲೇ ಕೊಲ್ಲಲ್ಲ. ಮೊದಲ ನಿಮಿಷದಲ್ಲಿ ತಾನಾಗಿಯೇ ಬಾಯಿ ತೆರೆದು ಉಸಿರು ಎಳೆದುಕೊಳ್ತೀವಲ್ಲ, ಆಗ ಬಾಯಿ ನೀರೊಳಗಿದ್ದರೆ ಕೆಲಸ ಕೆಡ್ತು. ಫೋಮ್ ಇರೋದು ಆ ನಿಮಿಷಕ್ಕೆ. ಮುಂದಿನ ಹತ್ತಕ್ಕೆ ಬೇಕಾಗೋದು ಕಾಲು ಬಡಿಯೋಕೆ ಜಾಗ ಮತ್ತು ಐಸ್‌ಗೆ ಚುಚ್ಚಿ ಹಿಡಿದು ಹತ್ತೋಕೆ ಎರಡು ಮೊಳೆ ಹಿಡಿಗಳು, ಅಂದರೆ ತುದಿಯಲ್ಲಿ ಚೂಪು ಮೊಳೆ ಇರುವ ಹಿಡಿಗಳು.

ಈಗ ನೀರಿಗೆ ಇಳಿದದ್ದು. ಕೋಟಿನ ಮೇಲಿನ ಲೈಫ್ ಜಾಕೆಟ್‌ನಿಂದಲೇ ಶುರು ಮಾಡಿದೆ, ಯಾಕೆಂದರೆ ದುಡ್ಡು ಉಳಿಸೋಕೆ ಎಲ್ಲರೂ ಮೊದಲು ಯೋಚಿಸೋದು ಅದನ್ನೇ. ತೇಲುತ್ತೆ, ಅದರಲ್ಲಿ ಅನುಮಾನ ಬೇಡ. ಕೋಟಿನೊಳಗೆ ಸಿಕ್ಕಿದ ಗಾಳಿಯೂ ಮೊದಮೊದಲು ಎತ್ತುತ್ತೆ. ಆದರೆ ಸ್ವಲ್ಪ ಹೊತ್ತಿಗೆ ಆ ಗಾಳಿ ಹೋಗುತ್ತೆ, ಕೋಟು ನೀರು ಕುಡಿಯುತ್ತೆ, ಲೈಫ್ ಜಾಕೆಟ್ ಮಾತ್ರ ಮೇಲಕ್ಕೆ ಜಾರಿ ಕಿವಿ ಹತ್ತಿರ ಬಂದು ನಿಲ್ಲುತ್ತೆ. ಡಾಕ್ ಹತ್ತೋಕೆ ಹೋದಾಗ ಅದರ ಮುಂಭಾಗದ ದಪ್ಪ ಅಂಚಿಗೆ ತಗುಲಿಕೊಂಡಿತು. ಐಸ್ ಅಂಚಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ಮೇಲೆ ಬಂದ ಮೇಲೂ ಕೋಟಿನಿಂದ ನೀರು ಸುರಿಯುತ್ತಲೇ ಇತ್ತು. ಏನೂ ಇಲ್ಲದೆ ಹೋಗೋದಕ್ಕಿಂತ ಇದು ಎಷ್ಟೋ ವಾಸಿ, ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಸಾಕು ಕೂಡ. ಆದರೆ ಗ್ಯಾಸ್ ಸಿಲಿಂಡರ್‌ನಿಂದ ಉಬ್ಬುವ ತೆಳು ಲೈಫ್ ಜಾಕೆಟ್ ಬೇಡವೇ ಬೇಡ. ಬೇಸಿಗೆಯ ದೋಣಿಗೆ ಅದು ಸರಿ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಸಿಲಿಂಡರಿನ ಗ್ಯಾಸ್ ನಿಧಾನವಾಗಿ ಬರುತ್ತೆ, ಪೂರ್ತಿ ಉಬ್ಬುತ್ತೆ ಅಂತ ನಂಬೋಕಾಗಲ್ಲ. ಕೋಟಿನ ಒಳಗೆ ಹಾಕಿಕೊಂಡರಂತೂ ಉಬ್ಬಿದಾಗ ಎದೆಯನ್ನೇ ಒತ್ತುತ್ತೆ.

ಜಾಕೆಟ್‌ನಲ್ಲಿ ಮಾತ್ರ ಫೋಮ್ ಇರುವ ಸೂಟಿನ ಮೇಲೆ ನನಗೆ ಆಸೆ ಇತ್ತು, ಬೆಲೆ ಕಡಿಮೆ ಅಂತ. ತಲೆ, ಭುಜ ಮೇಲೆ ನಿಲ್ಲುತ್ತೆ. ಕಾಲು ಮಾತ್ರ ನೇರ ಕೆಳಕ್ಕೆ ಇಳಿಬಿದ್ದುಕೊಂಡು ನೀರಲ್ಲಿ ನೆಟ್ಟ ಕಂಬದ ಹಾಗೆ ನಿಂತುಬಿಡ್ತೀವಿ. ಐಸ್‌ನಿಂದ ಹೊರಬರೋಕೆ ಮೈ ಅಡ್ಡವಾಗಬೇಕು, ಹೊಟ್ಟೆ ಮೇಲೆ ಮಲಗಿ ಕಾಲು ಬಡಿದು ಸೀಲ್ ಪ್ರಾಣಿಯ ಥರ ಜಾರಿ ಮೇಲೆ ಬರಬೇಕು. ಇದರಲ್ಲಿ ಆ ಅಡ್ಡ ಮೈ ತರೋದಕ್ಕೇ ಅರ್ಧ ಶಕ್ತಿ ಹೋಗುತ್ತೆ. ಮೇಲಾಗಿ ಸೊಂಟದ ದಾರ ಬಿಗಿ ಮಾಡದೆ ಇದ್ದರೆ ಜಾಕೆಟ್ ಎದ್ದು ಗಲ್ಲಕ್ಕೆ ಬರುತ್ತೆ. ಟೆಂಟ್‌ನಲ್ಲಿ ಬೆಚ್ಚಗಾಯಿತು ಅಂತ ಜಾಕೆಟ್ ತೆಗೆದು ಸಾಮಾನು ಎಳೆಯುವ ಸ್ಲೆಡ್ ಮೇಲೆ ಎಸೆದರೆ ಅಲ್ಲಿಗೆ ಮುಗೀತು, ಮೈ ಮೇಲೆ ತೇಲುವಂಥದ್ದು ಏನೂ ಇಲ್ಲ. ಕೊಟ್ಟ ದುಡ್ಡೆಲ್ಲ ಸ್ಲೆಡ್‌ಗೆ.

ಒಂದೇ ಬಟ್ಟೆಯ ಕವರ್‌ಆಲ್ ನೀರಲ್ಲಿ ರಾಜ. ಮೀನುಗಾರರಿಗೆ ಮಾರ್ಗದರ್ಶಿಯಾಗಿ ಕೆಲಸ ಮಾಡುವ ಒಬ್ಬರಿಂದ ಎರವಲು ತಂದಿದ್ದೆ. ಈ ಥರದವುಗಳಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಒಪ್ಪಿಗೆ ಇರುವಂಥವು ಸಿಗುತ್ತವೆ. ಮಾಮೂಲಿ ಐಸ್ ಸೂಟುಗಳನ್ನು ಬಹುಪಾಲು "ತೇಲೋಕೆ ಸಹಾಯ" ಅಂತ ಮಾತ್ರ ಮಾರುತ್ತಾರೆ, ಲೈಫ್ ಜಾಕೆಟ್ ಅಂತ ಅಲ್ಲ. ಒಳಗಿನ ಲೇಬಲ್ ಓದಿ ನೋಡಿ. ಕವರ್‌ಆಲ್‌ನ ಮಣಿಕಟ್ಟು, ಕಾಲ್ಗಂಟು, ತೊಡೆ ಎಲ್ಲ ಕಡೆ ಬಿಗಿಯೋಕೆ ಪಟ್ಟಿ ಇದೆ. ಬಿಗಿದುಕೊಂಡು ಇಳಿದರೆ ನೀರು ನಿಧಾನವಾಗಿ ಒಳಗೆ ಬರುತ್ತೆ, ಬಂದದ್ದು ಮೈ ಬಿಸಿಗೆ ಸ್ವಲ್ಪ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತೆ. ಮಲಗಿದ ಹಾಗೆ ತೇಲುತ್ತಿದ್ದೆ. ಸ್ನೇಹಿತ ಡಾಕ್ ಮೇಲಿಂದ "ಕಾಫಿ ತರಲಾ?" ಅಂದ.

ಅದೇ ಕವರ್‌ಆಲ್ ಹಾಕಿಕೊಂಡು ಜನವರಿಯಲ್ಲಿ ಮಿಲ್ ಲ್ಯಾಕ್ಸ್ ಕೆರೆ ಮೇಲೆ ಸ್ಲೆಡ್ ಎಳೆದರೆ ಗೊತ್ತಾಗುತ್ತೆ. ಮಂಡಿ ತನಕ ಹಿಮ, ಹಿಂದೆ ಟೆಂಟ್, ಐಸ್ ಕೊರೆಯುವ ಆಗರ್, ಹೀಟರ್, ಬಕೆಟ್. ಹತ್ತು ನಿಮಿಷಕ್ಕೆ ಬೆನ್ನಲ್ಲಿ ಬೆವರು ಇಳಿಯುತ್ತೆ. ಹಾಗೆ ಬೆವತು ಆಮೇಲೆ ಗಾಳಿಗೆ ಕೂತರೆ ಎಷ್ಟು ದಪ್ಪ ಸೂಟ್ ಇದ್ದರೂ ನಡುಗೋದೇ. ಜಾಕೆಟ್ ತೆಗೆಯೋಣ ಅಂದರೆ ಇದರಲ್ಲಿ ಜಾಕೆಟ್ ಎಲ್ಲಿದೆ? ಜಿಪ್ ಇಳಿಸಿ ಮೇಲಿನರ್ಧವನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಕೊಟ್ಟವರು ಕೂಡ ಹಾಗೇ ಓಡಾಡೋದನ್ನ ನೋಡಿದ್ದೇನೆ. ಆಗ ಫೋಮ್ ಎಲ್ಲ ಸೊಂಟದ ಸುತ್ತ, ಬಿದ್ದರೆ ತಲೆ ಕೆಳಗೆ ಸೊಂಟ ಮೇಲೆ. ಇನ್ನು ಮೂತ್ರಕ್ಕೆ ಹೋಗುವ ಪಾಡು ಬಿಡಿ, ಮೈನಸ್ 25ರಲ್ಲಿ ಪೂರ್ತಿ ಕಳಚಬೇಕು. ನನ್ನ ಹೆಂಡತಿ ಒಂದೇ ಸಲ ಹಾಕಿ "ಇದನ್ನ ಅವರಿಗೇ ವಾಪಸ್ ಕೊಡಿ" ಅಂದಳು. ಹೆಂಗಸರ ಬಿಬ್‌ಗಳಲ್ಲಿ ಹಿಂಭಾಗ ಮಾತ್ರ ಜಿಪ್ ಬಿಚ್ಚಿ ಇಳಿಸುವ ಹಾಗೆ ಮಾಡಿರೋದು ಸಿಗುತ್ತೆ. ಅದನ್ನ ನೋಡಿದ ಮೇಲೆ ಅವಳು ಬೇರೆ ಏನನ್ನೂ ನೋಡಲಿಲ್ಲ.

ಎರಡೂ ಕಡೆ ಫೋಮ್ ಇರುವ ಜೋಡಿ ಸೂಟ್ ನೀರಲ್ಲಿ ಕವರ್‌ಆಲ್‌ಗಿಂತ ಸ್ವಲ್ಪ ಕೆಳಗೆ ಕೂರುತ್ತೆ. ಜಾಕೆಟ್ ಮತ್ತು ಬಿಬ್ ನಡುವಿನ ಸಂದಿಯಲ್ಲಿ ನೀರು ಬೇಗ ನುಗ್ಗುತ್ತೆ, ಹೊಟ್ಟೆಗೆ ತಣ್ಣಗೆ ತಾಗಿದ್ದು ಈಗಲೂ ನೆನಪಿದೆ. ಆದರೆ ಕಾಲು ತಾನಾಗಿ ಮೇಲೆ ಬಂತು. ಮೈ ಅಡ್ಡವಾಯಿತು. ಎರಡು ಮೂರು ಸಲ ಕಾಲು ಬಡಿದು, ಮೊಣಕೈ ಊರಿ ಡಾಕ್‌ನ ತಗ್ಗು ಹಲಗೆ ಮೇಲೆ ಎದೆ ಹಾಕಿದೆ. ಬಿಬ್‌ನ ಕೆಳಗಡೆ ಮತ್ತು ಜಾಕೆಟ್ ಅಂಚಿನಲ್ಲಿ ನೀರು ಹೊರಹೋಗೋಕೆ ಬಲೆ ಬಟ್ಟೆ ಇರುತ್ತೆ. ಅಂಗಡಿಯಲ್ಲಿ ನೋಡಿದಾಗ ಸುಮ್ನೆ ಅಲಂಕಾರ ಅನಿಸಿತ್ತು. ಹತ್ತಿ ನಿಂತ ಕೂಡಲೇ ಅದರಿಂದ ನಲ್ಲಿ ಬಿಟ್ಟ ಹಾಗೆ ನೀರು ಸುರಿದು ಭಾರ ಇಳಿಯಿತು. ಬೂಟಿನೊಳಗಿನ ನೀರಿಗೆ ಮಾತ್ರ ಯಾವ ಸೂಟಿನಲ್ಲೂ ಮದ್ದಿಲ್ಲ. ಪ್ರಜ್ಞೆ ತಪ್ಪಿದವರನ್ನು ಮುಖ ಮೇಲಾಗಿ ತಿರುಗಿಸುತ್ತೆ ಅಂತ ಇದರಿಂದ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಜೊತೆಗೊಬ್ಬರು ಇರಬೇಕು ಅನ್ನೋದು ಅದಕ್ಕೇ.

ಐಸ್ ಮೇಲೆ ಇದರ ನಿಜವಾದ ಲಾಭ ಗೊತ್ತಾಗುತ್ತೆ. ಸ್ಲೆಡ್ ಎಳೆಯುವಾಗ ಜಾಕೆಟ್ ತೆಗೆದು ಹೋದರೂ ಬಿಬ್‌ನ ಫೋಮ್ ಮೈ ಮೇಲಿರುತ್ತೆ. ಪೂರ್ತಿ ಭದ್ರ ಅಂತ ಅಲ್ಲ, ಎದೆ ಭಾಗದಲ್ಲೂ ಫೋಮ್ ಇರುವ ಬಿಬ್ ಆದರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ಸೀಸನ್ ಶುರುವಿನ ತೆಳು ಐಸ್ ಮೇಲೆ ನಾನಂತೂ ಬೆವತರೂ ಸರಿ ಅಂತ ಎರಡೂ ಹಾಕಿಕೊಂಡು ನಿಧಾನ ನಡೀತೀನಿ. ಟೆಂಟ್ ಒಳಗೆ ಹೀಟರ್ ಹಚ್ಚಿದ ಮೇಲೆ ಬಿಬ್ ಒಂದರಲ್ಲೇ ಹಾಯಾಗಿ ಕೂರಬಹುದು. ಮಂಡಿ ಹತ್ತಿರ ದಪ್ಪ ಪ್ಯಾಡ್ ಇರುತ್ತೆ, ತೂತಿನ ಮುಂದೆ ಮಂಡಿ ಊರಿ ವಾಲೈ ಮೀನನ್ನು ಮೇಲೆಳೆಯುವಾಗ ಅದರ ಬೆಲೆ ತಿಳಿಯುತ್ತೆ. ಕಾಲಿನ ಪಕ್ಕದ ಜಿಪ್ ತೊಡೆ ತನಕ ಇದ್ದರೆ ಬೂಟ್ ತೆಗೆಯದೆ ಹಾಕಿಕೊಳ್ಳಬಹುದು. ಮೊಣಕಾಲಿಗೇ ನಿಂತಿದ್ದರೆ ಪಾರ್ಕಿಂಗ್‌ನಲ್ಲಿ ಒಂಟಿಕಾಲಲ್ಲಿ ಕುಣಿಯಬೇಕು.

ಕಾಟಗಳೂ ಇವೆ. ಮೈನಸ್ 25ಕ್ಕೆ ಫೋಮ್ ಬಿರುಸಾಗುತ್ತೆ, ಮೊದಲ ಅರ್ಧ ಗಂಟೆ ಮೊಣಕೈ ಮಡಚಿದಾಗ ಕರಕರ ಅನ್ನುತ್ತೆ, ಗಾಳಕ್ಕೆ ಸಣ್ಣ ಮೀನಿನ ಎರೆ ಚುಚ್ಚೋದು ಕಷ್ಟ. ಮೈ ಬಿಸಿ ತಾಗಿದ ಮೇಲೆ ಮೆತ್ತಗಾಗುತ್ತೆ. ತೋಳಿನ ವೆಲ್ಕ್ರೋಗೆ ಜಿಗ್ (ತೂಕ ಇರುವ ಗಾಳದ ಕೊಕ್ಕೆ) ಸಿಕ್ಕಿಕೊಂಡರೆ ಗ್ಲವ್ಸ್ ತೆಗೆಯದೆ ಬಿಡಿಸೋಕಾಗಲ್ಲ, ತೆಗೆದರೆ ಬೆರಳು ಮರಗಟ್ಟುತ್ತೆ. ಅದು ಸಿಕ್ಕಿಕೊಳ್ಳೋದು ಮೀನು ಕಚ್ಚಿದಾಗಲೇ. ಹೊರಗಿನ ಬಟ್ಟೆ ನೈಲಾನ್, ಪ್ರೊಪೇನ್ ಹೀಟರ್ ಹತ್ತಿರ ತೋಳು ಹೋದರೆ ಕರಗಿ ತೂತಾಗುತ್ತೆ. ನಮ್ಮ ಗುಂಪಿನ ಒಂದು ಜಾಕೆಟ್‌ಗೆ ಈಗ ಮೂರು ತೇಪೆ ಇದೆ.

ಬೆಚ್ಚಗಿರೋದರ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ನಾಲ್ಕರಲ್ಲಿ ಕವರ್‌ಆಲ್ ಎಲ್ಲಕ್ಕಿಂತ ಬೆಚ್ಚಗೆ, ಜೋಡಿ ಸೂಟ್ ಅದರ ಹಿಂದೆಯೇ. ಫೋಮ್ ಗಾಳಿಯನ್ನು ತಡೆಯೋದರಿಂದ ಒಳಗಿನ ಹತ್ತಿಯ ಥರದ ತುಂಬು ಕಡಿಮೆ ಇದ್ದರೂ ಸಾಕಾಗುತ್ತೆ. ಒಳಗೆ ಮಾತ್ರ ಕಾಟನ್ ಬನಿಯನ್, ಜೀನ್ಸ್ ಹಾಕಬೇಡಿ, ಬೆವರು ಹಿಡಿದಿಟ್ಟುಕೊಳ್ಳುತ್ತೆ. ಮೆರಿನೊ ಉಣ್ಣೆಯ ಒಳ ಅಂಗಿ, ಅದರ ಮೇಲೊಂದು ಫ್ಲೀಸ್, ಅಷ್ಟೇ.

ಬೆಲೆಗೆ ಬರೋಣ. ಎರಡೂ ಕಡೆ ಫೋಮ್ ಇರುವ ಜೋಡಿಗೆ ನಾನು ಹುಡುಕಿದಾಗ 400 ಡಾಲರ್‌ನಿಂದ ಮೇಲೆ ಎಷ್ಟಾದರೂ ಇತ್ತು. ಮಾರ್ಚ್‌ನಲ್ಲಿ, ಐಸ್ ಮುಗಿಯುತ್ತಾ ಬಂದಾಗ, ಅಂಗಡಿಯವರು ಖಾಲಿ ಮಾಡೋಕೆ ಇಳಿಸುತ್ತಾರೆ. ಎಕ್ಸ್‌ಎಲ್ ಮೊದಲು ಖಾಲಿಯಾಗುತ್ತೆ. ನಮ್ಮಂಥ ಸಣ್ಣ ಮೈಕಟ್ಟಿನವರಿಗೆ ಅದೂ ಒಂದು ಅನುಕೂಲ. ಆಮೇಲೆ, ಸೀಸನ್ನಿಗೆ ಹತ್ತಾರು ಸಲ ಹೋಗುವವರು, ನವೆಂಬರ್-ಡಿಸೆಂಬರ್‌ನಲ್ಲೇ ಕಾಲಿಡುವವರು ಜೋಡಿ ಸೂಟನ್ನೇ ತಗೊಳ್ಳಿ, ನಾನೂ ಕೊನೆಗೆ ಅದನ್ನೇ ತಗೊಂಡೆ. ಗಾಡಿಯಲ್ಲಿ ರೆಸಾರ್ಟ್‌ನವರೇ ಐಸ್ ಮೇಲಿನ ಬಾಡಿಗೆ ಮನೆ ತನಕ ಬಿಟ್ಟು ಬರುವ ಥರ ಹೋಗೋದಾದರೆ ಇಷ್ಟೆಲ್ಲ ಖರ್ಚು ಬೇಡ, ಇರುವ ಕೋಟು ಮತ್ತು ಫೋಮ್ ಲೈಫ್ ಜಾಕೆಟ್ ಸಾಕು. ಒಂದು ವಿಷಯ: ಐಸ್ ಮೇಲೆ ಮುಚ್ಚಿದ ಗಾಡಿಯಲ್ಲಿ ಕೂತಿರುವಾಗ ಲೈಫ್ ಜಾಕೆಟ್ ಹಾಕಿಕೊಳ್ಳಬಾರದು. ಗಾಡಿ ಮುಳುಗಿದರೆ ಅದು ನಿಮ್ಮನ್ನು ಒಳಗಿನ ಛಾವಣಿಗೆ ಒತ್ತಿ ಹಿಡಿಯುತ್ತೆ. ಇಳಿದ ಮೇಲೆ ಹಾಕಿಕೊಳ್ಳಿ.

ಅಳತೆ ನೋಡುವಾಗ ಕನ್ನಡಿ ಮುಂದೆ ನಿಂತು ನೋಡಬೇಡಿ. ಮನೆಯಿಂದ ಫ್ಲೀಸ್, ಬೂಟ್ ಒಯ್ದು ಹಾಕಿಕೊಂಡು, ಅಂಗಡಿಯ ಬಕೆಟ್ ಒಂದನ್ನು ಬೋರಲು ಹಾಕಿ ಕೂತು ನೋಡಿ. ಮಂಡಿ ಊರಿ ನೋಡಿ. ಎರಡೂ ಕೈ ತಲೆ ಮೇಲೆ ಎತ್ತಿ, ಜಾಕೆಟ್ ಎಷ್ಟು ಏರುತ್ತೆ ಅಂತ ಪಕ್ಕದವರನ್ನು ಕೇಳಿ. ಹೊಕ್ಕುಳ ಕಾಣುವಷ್ಟು ಏರಿದರೆ ಬೇರೆ ಅಳತೆ. ಎದೆಯ ಜೇಬಿನಿಂದ ಮೊಳೆ ಹಿಡಿಗಳನ್ನು ದಪ್ಪ ಗ್ಲವ್ಸ್‌ನಲ್ಲೇ ಎಳೆಯೋಕೆ ಬರುತ್ತಾ ಅಂತಲೂ ನೋಡಿ, ಕೆಲವು ಜೇಬುಗಳ ಜಿಪ್ ಹಿಡಿ ಅಕ್ಕಿಕಾಳಿನಷ್ಟು ಚಿಕ್ಕದು. ಮಕ್ಕಳಿಗೂ ತೇಲುವ ಸೂಟ್ ಸಿಗುತ್ತೆ, ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡುವ ತೋಳು ಇರೋದೂ ಇದೆ. ಆದರೂ ಎರಡು ವರ್ಷಕ್ಕೆ ಚಿಕ್ಕದಾಗುತ್ತೆ. ನಮ್ಮ ಮಗನದ್ದು ಈಗ ಎದುರು ಮನೆ ಹುಡುಗನ ಮೈ ಮೇಲಿದೆ, ನಮ್ಮವನಿಗಿಂತ ದೊಡ್ಡ ಹುಡುಗನೊಬ್ಬನ ಹಳೆಯದು ನಮ್ಮವನಿಗೆ ಬಂದಿದೆ.