ಟರ್ಬೊ ಬ್ಯಾಲೆನ್ಸಿಂಗ್: ಹದಿನಾಲ್ಕು ತಿಂಗಳು ಓಡಿಸಿದ ಮೇಲೆ

ರಾಜಾಜಿನಗರದಿಂದ ತುಮಕೂರಿಗೆ ವಾರಕ್ಕೆ ಐದು ದಿನ ಓಡಾಡುವ ಹಳೆಯ ಡೀಸೆಲ್ ಕಾರು ನನ್ನದು. ಅದರ ಟರ್ಬೊ, ಅಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ, ಆಯಿಲ್ ಕುಡಿಯತೊಡಗಿದಾಗ ಹೊಸದನ್ನು ಕೊಳ್ಳುವಷ್ಟು ಹಣವಿರಲಿಲ್ಲ. ಗ್ಯಾರೇಜೊಂದರಲ್ಲಿ ಒಂಬತ್ತು ಸಾವಿರಕ್ಕೆ ಬೇರಿಂಗ್, ಸೀಲ್ ಬದಲಿಸಿ ಕೊಟ್ಟರು. ಬ್ಯಾಲೆನ್ಸ್ ಮಾಡಿಸಿದಿರಾ, ಅಂದರೆ ತಿರುಗುವ ಭಾಗಗಳ ತೂಕ ಸುತ್ತಲೂ ಸಮವಾಗಿದೆಯೇ ಎಂದು ನೋಡಿಸಿದಿರಾ ಎಂದರೆ, "ಕೈಯಲ್ಲಿ ತಿರುಗಿಸಿ ನೋಡಿ ಸಾರ್, ಬೆಣ್ಣೆಯಂತಿದೆ" ಎಂಬ ಉತ್ತರ ಬಂತು.

ಬೆಣ್ಣೆಯಂತೆಯೇ ಇತ್ತು. ಆದರೆ ಹೆದ್ದಾರಿಯಲ್ಲಿ ಅದು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ವಸ್ತು. ವೇಗ ಇಮ್ಮಡಿಯಾದರೆ ತೂಕದ ಏರುಪೇರಿನ ಎಳೆತ ನಾಲ್ಕು ಪಟ್ಟಾಗುತ್ತದೆ. ನೆಲಮಂಗಲ ದಾಟಿ ಆಕ್ಸಿಲರೇಟರ್ ಒತ್ತಿದೊಡನೆ ಸೈರನ್! ನಮ್ಮ ಬೀದಿಯ ಏರಿನಲ್ಲೂ ಅದೇ ಕೂಗು, ಎದುರುಮನೆಯ ಅಜ್ಜಿ ಎರಡು ಸಲ "ಯಾರಿಗೇನಾಯಿತಪ್ಪ?" ಎಂದು ಗೇಟಿಗೆ ಬಂದರು. ಮೂರೇ ತಿಂಗಳಲ್ಲಿ ಮತ್ತೆ ನೀಲಿ ಹೊಗೆ.

ಎರಡನೆಯ ಸಲ ಪೀಣ್ಯದ ಚಿಕ್ಕ ಘಟಕವೊಂದಕ್ಕೆ ಒಯ್ದೆ. ಬಿಚ್ಚಿದವರು ಮೊದಲು ಹುಡುಕಿದ್ದು ಶಾಫ್ಟ್, ಗಾಳಿ ಒತ್ತುವ ಕಂಪ್ರೆಸರ್ ಚಕ್ರ, ಅದನ್ನು ಹಿಡಿದಿಡುವ ನಟ್ ಮೂರರ ಮೇಲೂ ಇರಬೇಕಾದ ಗುರುತನ್ನು. ಇರಲಿಲ್ಲ. ಬಿಚ್ಚುವ ಮುನ್ನ ಗುರುತು ಹಾಕದೆ ಬೇರೆ ಕೋನದಲ್ಲಿ ಕೂರಿಸಿದರೆ ಹಳೆಯ ಸಮತೋಲನ ಹೋಯಿತೆಂದೇ ಲೆಕ್ಕ. ಬಿಡಿಭಾಗಗಳನ್ನು ಒಂದೊಂದಾಗಿ ನಿಧಾನ ವೇಗದಲ್ಲಿ ಸರಿಪಡಿಸಿ, ಜೋಡಿಸಿದ ಕೋರ್‌ಗೆ (ಶಾಫ್ಟ್, ಚಕ್ರ, ಬೇರಿಂಗ್ ಕೂಡಿದ ಒಳಭಾಗ) ಒತ್ತಡದಲ್ಲಿ ಆಯಿಲ್ ಹಾಯಿಸಿ, ಗಾಳಿಯಿಂದ ಜೋರಾಗಿ ತಿರುಗಿಸಿದರು. ಪರದೆಯಲ್ಲಿ ಕಂಪನ ತೋರಿಸುವ ಗೆರೆ ಎದ್ದಾಗ ನಿಲ್ಲಿಸಿ, ನಟ್‌ನ ಒಂದು ಮೂಲೆಯನ್ನು ತುಸು ಉಜ್ಜಿ ಮತ್ತೆ ತಿರುಗಿಸಿದರು. ಹೀಗೆ ಮೂರು ಸಲ. ಉದುರಿದ ಪುಡಿ ಚಿಟಿಕೆ ಉಪ್ಪಿನಷ್ಟೂ ಇರಲಿಲ್ಲ. ನಟ್‌ನ ಮೇಲೆ ಉಳಿದದ್ದು ಅಕ್ಕಿಕಾಳಿನಷ್ಟು ಹೊಳಪು. ಅಷ್ಟಕ್ಕೆ ನನ್ನ ಮೂರು ತಿಂಗಳ ನೆಮ್ಮದಿ ಹಾಳಾಗಿತ್ತು.

ಬೇರಿಂಗ್ ಕಿಟ್ ಸೇರಿ ಹದಿಮೂರು ಸಾವಿರ ಬಿತ್ತು. ಮೊದಲೇ ಇಲ್ಲಿಗೆ ಬಂದಿದ್ದರೆ ಒಂಬತ್ತು ಸಾವಿರ ಉಳಿಯುತ್ತಿತ್ತು ಎಂದು ಮನೆಯಲ್ಲಿ ಈಗಲೂ ನೆನಪಿಸುತ್ತಾರೆ.

ಈಗ ಹದಿನಾಲ್ಕು ತಿಂಗಳಾಗಿದೆ. ಹೊಗೆಯಿಲ್ಲ, ಕೂಗಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿ, ಟರ್ಬೊಗೆ ಆಯಿಲ್ ತಲುಪಲಿ ಎಂದು ಗಾಜು ಒರೆಸಿ ಮುಗಿಸುವವರೆಗೆ ಆಕ್ಸಿಲರೇಟರ್ ಮುಟ್ಟುವುದಿಲ್ಲ. ಸಂಜೆ ಮನೆಯ ಮುಂದೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡುತ್ತಿರುತ್ತದೆ. ಕಾದ ಶಾಫ್ಟ್‌ನ ಬಳಿ ನಿಂತ ಆಯಿಲ್ ಸುಟ್ಟು ಕರಿಗಟ್ಟಬಾರದಲ್ಲ. ಆ ಒಂದು ನಿಮಿಷ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುವುದು ಈಗ ನನಗೂ ಬೇಕಾಗಿದೆ.

ಒಂದೇ ದೂರು. ಪರದೆಯ ಮೇಲಿದ್ದ ಆ ಗೆರೆಯ ಪ್ರಿಂಟ್ ಕೊಡುತ್ತೇವೆ ಎಂದಿದ್ದರು. ಮೂರು ಸಲ ಹೋದೆ. ಪ್ರತಿ ಸಲವೂ ಒಳ್ಳೆಯ ಕಾಫಿ ಕೊಟ್ಟರು. ಪ್ರಿಂಟರಿನಲ್ಲಿ ಇಂಕ್ ಇರಲಿಲ್ಲ.