ಕೋಳಿ ಯಂತ್ರ, ತಾಯಿ, ಹಳೇ ಫ್ರಿಜ್: ಹೆಬ್ಬಾವಿನ ಮೊಟ್ಟೆಗೆ ಯಾರ ಕಾವು ಒಳ್ಳೇದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕಂಪ್ರೆಸರ್ ಸತ್ತುಹೋದ ಹಳೇ ಫ್ರಿಜ್‌ಗೆ.

ಬಾಲ್ ಪೈಥಾನ್ ಅನ್ನುವ ಜಾತಿಯ ಹೆಬ್ಬಾವಿನ ಮೊಟ್ಟೆಗಳನ್ನು ಮೂರು ವರ್ಷದಲ್ಲಿ ಮೂರು ರೀತಿ ಮರಿ ಮಾಡಿಸಿ ನೋಡಿದ್ದೇನೆ. ಮೊದಲ ವರ್ಷ ದುಡ್ಡು ಕೊಟ್ಟು ತಂದ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಯಂತ್ರ. ಎರಡನೇ ವರ್ಷ ಆ ಯಂತ್ರದ ಮೇಲೆ ಮುನಿಸಿಕೊಂಡು ಮೊಟ್ಟೆಗಳನ್ನು ತಾಯಿಗೇ ಬಿಟ್ಟೆ. ಮೂರನೇ ವರ್ಷ ಫ್ರಿಜ್. ಹಾವು ಸಾಕುವ ಬೇರೆ ಯಾರಾದರೂ ನನ್ನ ಹಾಗೆ ಆ ಮೊದಲ ತಪ್ಪು ಮಾಡದಿರಲಿ ಅಂತ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ ಅನ್ನುವುದೂ ನಿಜ.

ಹೊಸಬರಿಗೆ ಎರಡು ಮಾತು. ಈ ಮೊಟ್ಟೆಗೆ 31ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಸುತ್ತ ಚೆನ್ನಾಗಿ ತೇವ ಇರಬೇಕು, ಮರಿ ಹೊರಬರಲು ಹೆಚ್ಚುಕಡಿಮೆ 55ರಿಂದ 60 ದಿನ ಕಾಯಬೇಕು. ಕೋಳಿ ಮೊಟ್ಟೆಯ ಹಾಗೆ ಗಟ್ಟಿ ಚಿಪ್ಪಲ್ಲ, ಮೆತ್ತನೆ ಚರ್ಮದ ಹಾಗಿರುತ್ತೆ. ತೇವ ಸಾಲದಿದ್ದರೆ ತಗ್ಗು ಬೀಳುತ್ತೆ. ಮೊಟ್ಟೆ ಇಟ್ಟು ಒಂದು ದಿನ ಕಳೆದ ಮೇಲೆ ಅದನ್ನು ಮಗುಚಬಾರದು, ಒಳಗಿನ ಜೀವಕ್ಕೆ ಅಪಾಯ. ಅದಕ್ಕೇ ನಾವೆಲ್ಲ ಮೇಲ್ಭಾಗಕ್ಕೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ ಎತ್ತುತ್ತೇವೆ.

ಈಗ ಕೋಳಿ ಯಂತ್ರದ ಕಥೆ.

ಹಾವಿನ ಮೊಟ್ಟೆಗೇ ಅಂತ ಬರುವ ಇನ್‌ಕ್ಯುಬೇಟರ್ ನನ್ನ ಕೈಗೆಟುಕುವ ಹಾಗಿರಲಿಲ್ಲ. ಅಂಗಡಿಯವರು ಒಂದು ಕೋಳಿ ಮೊಟ್ಟೆ ಯಂತ್ರ ತೋರಿಸಿ, "ಯಾವ ಮೊಟ್ಟೆ ಆದ್ರೂ ಆಗುತ್ತೆ, ಡಿಗ್ರಿ ಕಡಿಮೆ ಮಾಡ್ಕೊಂಡ್ರೆ ಆಯ್ತು" ಅಂದರು. ನಂಬಿದೆ. ಮೊಟ್ಟೆ ತಿರುಗಿಸುವ ತಟ್ಟೆಯನ್ನು ತೆಗೆದು ಬದಿಗಿಟ್ಟೆ. ಒಳಗಿನ ಫ್ಯಾನ್ ಗಾಳಿಗೆ ಮೊಟ್ಟೆ ಒಣಗದಿರಲಿ ಅಂತ ಮುಚ್ಚಳದ ಡಬ್ಬಿಯಲ್ಲಿ ತೇವ ಹಿಡಿದಿಡುವ ಪರ್ಲೈಟ್ ಹರಳು ಹಾಕಿ, ಅದರ ಮೇಲೆ ಜಾಲರಿ ಇಟ್ಟು, ಆರು ಮೊಟ್ಟೆ ಕೂರಿಸಿದೆ. 31.5ಕ್ಕೆ ಸೆಟ್ ಮಾಡಿದೆ. ಇಲ್ಲಿಯವರೆಗೆ ಎಲ್ಲಾ ಸರಿ.

ಹತ್ತು ನಿಮಿಷಕ್ಕೆ ಅದು ಕೂಗಲು ಶುರು ಮಾಡಿತು. ಪೀಂ, ಪೀಂ, ಪೀಂ. ಕೆಂಪು ದೀಪ ಬೇರೆ. ವಿಷಯ ಏನಂದರೆ, ಆ ಯಂತ್ರಕ್ಕೆ ಗೊತ್ತಿರುವುದು ಕೋಳಿ ಒಂದೇ. ಕೋಳಿ ಮೊಟ್ಟೆಗೆ 37.5 ಬೇಕು. 36ಕ್ಕಿಂತ ಕೆಳಗೆ ಇಳಿದರೆ ಅದರ ಲೆಕ್ಕದಲ್ಲಿ ಮರಿಗಳು ಚಳಿಗೆ ಸಾಯುತ್ತಿವೆ ಅಂತ. ಹಾಗಾಗಿ ಯಜಮಾನರನ್ನು ಕರೆಯುತ್ತೆ. ಆ ಸದ್ದನ್ನು ನಿಲ್ಲಿಸುವ ಬಟನ್ ಒತ್ತಿದರೆ ಅರ್ಧ ಗಂಟೆ ಸುಮ್ಮನಿರುತ್ತೆ, ಮತ್ತೆ ಪೀಂ. ಪೂರ್ತಿ ಆಫ್ ಮಾಡುವ ದಾರಿಯೇ ಇಲ್ಲ. ಸ್ಪೀಕರ್ ತೂತಿನ ಮೇಲೆ ಟೇಪು ಅಂಟಿಸಿದೆ, ಅದರ ಮೇಲೆ ಹತ್ತಿ ಇಟ್ಟು ಇನ್ನೊಂದು ಟೇಪು. ದನಿ ಸಣ್ಣದಾಯಿತು, ನಿಲ್ಲಲಿಲ್ಲ. ಒಂದು ವಾರ ಕಳೆದ ಮೇಲೆ ಕಿವಿ ಹೊಂದಿಕೊಂಡಿತು. ಪಕ್ಕದ ಕೋಣೆಯಲ್ಲಿ ಪೀಂ ಪೀಂ ಕೇಳುತ್ತಲೇ ನಿದ್ದೆ ಬರುತ್ತಿತ್ತು.

26ನೇ ದಿನ ಬೆಳಿಗ್ಗೆ ಎದ್ದಾಗ ಏನೋ ಸರಿ ಇಲ್ಲ ಅನ್ನಿಸಿತು. ಹಾಸಿಗೆಯಲ್ಲೇ ಕೂತು ಯೋಚಿಸಿದೆ. ಸದ್ದಿಲ್ಲ. ಯಂತ್ರ ಸುಮ್ಮನಿದೆ.

ಓಡಿಹೋಗಿ ನೋಡಿದರೆ ಹಸಿರು ದೀಪ. ಪರದೆಯ ಮೇಲೆ 37.5. ರಾತ್ರಿ ಕರೆಂಟು ಒಂದು ಗಳಿಗೆ ಹೋಗಿ ಬಂದಿತ್ತು, ಅಷ್ಟೇ. ಕರೆಂಟು ಹೋಗಿ ಬಂದರೆ ಮತ್ತೆ ಮೊದಲಿಂದ ಎಣಿಸಲು ಶುರು ಮಾಡುವ ಮೇಜಿನ ಗಡಿಯಾರ 4:10 ಅಂತ ಮಿನುಗುತ್ತಿತ್ತು, ಅಂದರೆ ಕರೆಂಟು ಬಂದು ನಾಲ್ಕು ಗಂಟೆ ಆಗಿದೆ. ಕರೆಂಟು ಬಂದ ಕೂಡಲೇ ಯಂತ್ರ ನನ್ನ 31.5 ಅನ್ನು ಮರೆತು ತನ್ನ ಕೋಳಿಗೆ ವಾಪಸ್ ಹೋಗಿದೆ. ಅಪಾಯ ಇಲ್ಲದಾಗ ಇಪ್ಪತ್ತಾರು ದಿನ ಬಾಯಿ ಬಡಿದುಕೊಂಡ ಯಂತ್ರ, ಮೊಟ್ಟೆ ಬೇಯುವಾಗ ಖುಷಿಯಾಗಿ ಬಾಯಿ ಮುಚ್ಚಿಕೊಂಡಿತ್ತು. ಡಬ್ಬಿಯೊಳಗಿನ ಬೇರೆ ಥರ್ಮಾಮೀಟರ್ 36.4 ತೋರಿಸುತ್ತಿತ್ತು.

ಆರರಲ್ಲಿ ಎರಡು ಮರಿ ಒಳಗೇ ಸತ್ತವು. ಒಂದಕ್ಕೆ ಬಾಲದ ಹತ್ತಿರ ಬೆನ್ನುಮೂಳೆ ಸೊಟ್ಟ. ಮೂರು ಚೆನ್ನಾಗಿವೆ. ಇದೆಲ್ಲ ಆ ಒಂದು ರಾತ್ರಿಯದೇ ಕೆಲಸ ಅಂತ ಪ್ರಮಾಣ ಮಾಡಿ ಹೇಳಲಾರೆ. ಆದರೆ ಕಾವು ಜಾಸ್ತಿಯಾದರೆ ಬೆನ್ನು ಸೊಟ್ಟಗಾಗುವುದು ಹಾವು ಮರಿ ಮಾಡಿಸುವವರಿಗೆಲ್ಲ ಗೊತ್ತಿರುವ ಮಾತು. ಒಂದೆರಡು ಡಿಗ್ರಿ ಕಡಿಮೆಯಾದರೆ ಮರಿ ತಡವಾಗಿ ಬರುತ್ತೆ, ಅಷ್ಟೇ. ಮೇಲೆ ಹೋದರೆ ಸುಧಾರಿಸಿಕೊಳ್ಳುವುದು ಕಷ್ಟ.

ತಾಯಿಗೆ ಬಿಟ್ಟಿದ್ದು ನಿಜಕ್ಕೂ ಚೆಂದದ ಅನುಭವ. ಮರಿ ಲೆಕ್ಕದಲ್ಲಿ ಅದೇ ಗೆದ್ದಿತು, ಐದಕ್ಕೆ ಐದು. ಬೆಳಗಿನ ಜಾವ ಟಾರ್ಚ್ ಬೆಳಕು ಬಿಟ್ಟು ನೋಡಿದರೆ ಅವಳು ಮೊಟ್ಟೆಗಳಿಗೆ ಮೈಯಿಂದ ಹಾಕಿದ ಸುತ್ತು ಎಷ್ಟು ಬಿಗಿ ಅಂದರೆ ಒಂದು ಮೊಟ್ಟೆಯೂ ಕಾಣುತ್ತಿರಲಿಲ್ಲ. ಮೇಲೆ ಮುಚ್ಚಳದ ಹಾಗೆ ತಲೆ ಇಟ್ಟುಕೊಂಡು ಮಲಗಿರುತ್ತಿದ್ದಳು. ಮಧ್ಯಾಹ್ನ ಒಂಚೂರು ಸಡಿಲ, ಬಿಳಿ ಮೊಟ್ಟೆಯ ಅಂಚು ಇಣುಕುತ್ತಿತ್ತು. ನಾವು ತೇವ ಅಳೆಯುವ ಹೈಗ್ರೋಮೀಟರ್ ಹಿಡಿದು ಒದ್ದಾಡುವ ಕೆಲಸವನ್ನು ಅವಳು ಮೈಯಿಂದಲೇ ಮಾಡುತ್ತಾಳೆ, ಮೊಟ್ಟೆಯ ತೇವ ಆರಲು ಬಿಡುವುದಿಲ್ಲ.

ಬಿಸಿ ಮಾತ್ರ ಅವಳಿಂದ ಆಗದು. ಬರ್ಮೀಸ್ ಹೆಬ್ಬಾವಿನ ತಾಯಿ ಮೈಯ ಸ್ನಾಯು ನಡುಗಿಸಿ ನಡುಗಿಸಿ, ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಜಾಸ್ತಿ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತೆ. ಬಾಲ್ ಪೈಥಾನ್‌ಗೆ ಆ ವಿದ್ಯೆ ಇಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬೆಚ್ಚನೆ ನೆಲದೊಳಗಿನ ಬಿಲದಲ್ಲಿ ಮೊಟ್ಟೆ ಇಡುವ ಹಾವು ಅದು. ಹಾಗಾಗಿ ಗೂಡಿನ ಬಿಸಿಯನ್ನು ನಾವೇ ಕಾಯಬೇಕು. ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಥರ್ಮೋಸ್ಟಾಟ್‌ನ ತಲೆನೋವು ತಪ್ಪುವುದಿಲ್ಲ.

ನನಗೆ ತಡೆಯಲಾಗದೆ ಹೋಗಿದ್ದು ಅವಳ ಉಪವಾಸ. ಗರ್ಭದಲ್ಲಿ ಮೊಟ್ಟೆ ಇದ್ದಾಗಲೇ ವಾರಗಟ್ಟಲೆ ಊಟ ಬಿಟ್ಟಿದ್ದಳು. ಮೊಟ್ಟೆ ಇಟ್ಟ ದಿನ ತೂಕ 1,480 ಗ್ರಾಂ. ಮರಿ ಹೊರಬಂದ ದಿನ 1,320. ಬೆನ್ನುಮೂಳೆ ಎದ್ದು ಕಾಣುತ್ತಿತ್ತು, ಚರ್ಮ ಪಕ್ಕದಲ್ಲಿ ಮಡಿಕೆ ಬಿದ್ದಿತ್ತು. ಇಲಿ ತೋರಿಸಿದರೆ ಮುಖ ತಿರುಗಿಸಿ ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಮುಂದಿನ ವರ್ಷ ಅವಳು ಮೊಟ್ಟೆಯನ್ನೇ ಇಡಲಿಲ್ಲ, ನಾನೂ ಗಂಡಿನ ಜೊತೆ ಬಿಡಲಿಲ್ಲ. ಮೊಟ್ಟೆ ಎತ್ತಿಕೊಂಡರೆ ಈ ಎರಡು ತಿಂಗಳು ಉಳಿಯುತ್ತೆ. ಎತ್ತಿದ ಮೇಲೆ ಅವಳ ಮೈಯನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಗೂಡನ್ನೂ ತೊಳೆದು ಹೊಸ ಹಾಸು ಹಾಕಬೇಕು. ಮೊಟ್ಟೆಯ ವಾಸನೆ ಉಳಿದರೆ ಇಲ್ಲದ ಮೊಟ್ಟೆಗೇ ಸುತ್ತಿಕೊಂಡು ಕೂರುತ್ತಾಳೆ. ಪಾಪ ಅನ್ನಿಸುತ್ತೆ, ಆದರೆ ಊಟ ಬೇಗ ಶುರು ಮಾಡುತ್ತಾಳೆ.

ಇನ್ನು ನನ್ನ ಫ್ರಿಜ್. ಸುಮ್ನೆ ಸಿಕ್ಕಿದ್ದು, ಯಾರೋ ಗುಜರಿಗೆ ಹಾಕಲು ಹೊರಟಿದ್ದರು. ತಂಪು ಹಿಡಿದಿಡುವ ಗೋಡೆ ಬಿಸಿಯನ್ನೂ ಹಾಗೇ ಹಿಡಿದಿಡುತ್ತೆ ಅಲ್ವಾ? ಮೊದಲು ಮೆಕ್ಯಾನಿಕ್ ಕರೆಸಿ ಗ್ಯಾಸ್ ತೆಗೆಸಿದೆ. ಒಳಗಿನ ಬಲ್ಬು ಬಿಚ್ಚಿದೆ. ಎರಡೂ ಪಕ್ಕಕ್ಕೆ ಕರೆಂಟಿಗೆ ಬಿಸಿಯಾಗುವ ಪಟ್ಟಿ, ಅಂದರೆ ಹೀಟ್ ಟೇಪ್, ಮೇಲೆ ಕಂಪ್ಯೂಟರ್‌ನಿಂದ ಕಿತ್ತ ಪುಟ್ಟ ಫ್ಯಾನ್, ತಳದಲ್ಲಿ ನೀರು ತುಂಬಿದ ಒಂದೊಂದು ಲೀಟರಿನ ಹತ್ತು ಬಾಟಲಿ. ವೈರ್ ಒಳಗೆ ತರಲು ಗೋಡೆ ಕೊರೆಯುವ ಕೆಲಸವೇ ಬೇಕಿಲ್ಲ, ಫ್ರಿಜ್ಜಿನ ಹಿಂದೆ ನೀರು ಇಳಿದುಹೋಗುವ ತೂತು ಇರುತ್ತಲ್ಲ, ಸೆನ್ಸರ್ ವೈರ್ ಅದರಲ್ಲೇ ತೂರುತ್ತೆ. ಇದನ್ನು ಕಂಡುಕೊಂಡ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಥರ್ಮೋಸ್ಟಾಟ್‌ಗೆ ಮಾತ್ರ ದುಡ್ಡು ಸುರಿದೆ. ಪೂರ್ತಿ ಆನ್, ಪೂರ್ತಿ ಆಫ್ ಆಗುವ ಅಗ್ಗದ್ದು ಬೇಡ ಅಂತ, ಬೇಕಾದಷ್ಟೇ ಕರೆಂಟು ಬಿಡುವ ಪ್ರೊಪೋರ್ಷನಲ್ ಥರ್ಮೋಸ್ಟಾಟ್ ತಂದೆ. ಕರೆಂಟು ಹೋಗಿ ಬಂದರೂ ನಾನು ಕೊಟ್ಟ ಡಿಗ್ರಿ ನೆನಪಿಟ್ಟುಕೊಳ್ಳುತ್ತಾ ಅಂತ ಪ್ಲಗ್ ಕಿತ್ತು ಕಿತ್ತು ಪರೀಕ್ಷೆ ಮಾಡಿದೆ, ಇಪ್ಪತ್ತು ಸಲವಾದರೂ ಆಗಿರಬಹುದು. ಅದರ ಮೇಲೆ ಇನ್ನೊಂದು ಸಾದಾ ಥರ್ಮೋಸ್ಟಾಟ್, 33 ದಾಟಿದರೆ ಎಲ್ಲವನ್ನೂ ಕಡಿಯಲಿ ಅಂತ. ಬಿಸಿ ಹಾಲು ಕುಡಿದ ಬೆಕ್ಕಿನ ಹಾಗೆ ಆಗಿದ್ದೆ.

ಮೊಟ್ಟೆ ಇಡುವ ಮೊದಲು ಎರಡು ವಾರ ಖಾಲಿ ಓಡಿಸಿದೆ. ಬಾಗಿಲು ತೆಗೆದರೆ ಇಳಿದು, ಮುಚ್ಚಿದ ಸ್ವಲ್ಪ ಹೊತ್ತಿಗೆ 31.5ಕ್ಕೆ ವಾಪಸ್. ಮೂರು ಗಂಟೆ ಕರೆಂಟು ಇಲ್ಲದಾಗ ಒಂದೂವರೆ ಡಿಗ್ರಿ ಇಳಿಯಿತು, ಅಷ್ಟೇ. ಎಲ್ಲಾ ಆ ನೀರಿನ ಬಾಟಲಿಗಳ ಪುಣ್ಯ.

ದೋಷ ಇಲ್ಲ ಅಂತಲ್ಲ. ಜಾಗ ನುಂಗುತ್ತೆ. ಹಳೇ ಸಾಂಬಾರಿನ ವಾಸನೆ ಹೋಗಿಸಲು ಅಡುಗೆ ಸೋಡಾ ಹಾಕಿ ನಾಲ್ಕು ಸಲ ತಿಕ್ಕಿದೆ. ಬಾಗಿಲ ರಬ್ಬರ್ ಗಾಳಿ ಬಿಡುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆ, ಕೊನೆಯ ಎರಡು ವಾರ ದಿನಾ ಬಾಗಿಲು ತೆಗೆದು ಡಬ್ಬಿಯ ಮುಚ್ಚಳ ಎತ್ತಿ ಬೀಸಬೇಕು. ಮುಚ್ಚಳದ ಒಳಗೆ ಕೂರುವ ಹನಿ ಮೊಟ್ಟೆ ಮೇಲೆ ಬೀಳಬಾರದು, ಡಬ್ಬಿಯನ್ನು ಒಂದು ಪಕ್ಕಕ್ಕೆ ಓರೆ ಇಟ್ಟರೆ ಸಾಕು.

ಇಬ್ಬರು ಹೆಣ್ಣುಗಳ ಹನ್ನೊಂದು ಮೊಟ್ಟೆ ಇಟ್ಟಿದ್ದೆ. ಒಂದು ಜೊಳ್ಳು, ಹಳದಿಯಾಗಿ ಬೂಷ್ಟು ಹಿಡಿಯಿತು. 57ನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಒಂದು ಮೊಟ್ಟೆಯ ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಎರಡು ಗೆರೆ. ಗೆರೆಯ ನಡುವೆ ಅಂಟು ಅಂಟು ನೀರಿನ ಗುಳ್ಳೆ, ಗುಳ್ಳೆಯೊಳಗೆ ಒಂದು ಮೂಗು. ಟಾರ್ಚ್ ಹಿಡಿದ ಕೂಡಲೇ ಒಳಗೆ ಎಳೆದುಕೊಂಡಿತು. ಒಂದೂವರೆ ದಿನ ಹೀಗೇ ಇಣುಕಿ ಇಣುಕಿ, ಹಳದಿ ಪೂರ್ತಿ ಹೀರಿಕೊಂಡ ಮೇಲೆ ಹೊರಬಂತು. ಹತ್ತೂ ಬಂದವು, ಒಂದಕ್ಕೂ ಸೊಟ್ಟ ಇಲ್ಲ. ಮೊದಲ ಪೊರೆ ಬಿಟ್ಟ ಮೇಲೆ ಎಂಟು ಮರಿ ಊಟ ಹಿಡಿದವು, ಎರಡು ಸತಾಯಿಸಿ ಆಮೇಲೆ ಹಿಡಿದವು.

ನನ್ನ ಲೆಕ್ಕ ಇಷ್ಟು. ನಾನು ಬೆಳಿಗ್ಗೆ ಹೋದರೆ ಬರುವುದು ರಾತ್ರಿ, ಆ ಮಧ್ಯೆ ಏನಾದರೂ ಆದರೆ ನೋಡುವವರಿಲ್ಲ. ಕೈಯಲ್ಲಿ ದುಡ್ಡೂ ಅಷ್ಟಕ್ಕಷ್ಟೆ. ಎರಡು ಥರ್ಮೋಸ್ಟಾಟ್, ಹೀಟ್ ಟೇಪ್, ಮೆಕ್ಯಾನಿಕ್ ಕೂಲಿ ಎಲ್ಲಾ ಸೇರಿ ಆ ಕೋಳಿ ಯಂತ್ರದ ಬೆಲೆಗಿಂತ ಕಡಿಮೆ ಬಿತ್ತು. ಒಂದೇ ಹೆಣ್ಣಿದ್ದು, ಚೆನ್ನಾಗಿ ಮೈತುಂಬಿಕೊಂಡಿದ್ದು, ಮುಂದಿನ ವರ್ಷ ಮರಿ ಬೇಡ ಅನ್ನುವವರಾದರೆ ತಾಯಿಗೇ ಬಿಡಿ, ತಪ್ಪೇನಿಲ್ಲ. ಮರಿಗಳನ್ನು ಯಾರಿಗೆ ಕೊಡುತ್ತೀರಿ ಅನ್ನುವುದನ್ನು ಮಾತ್ರ ಗಂಡು ಹೆಣ್ಣು ಸೇರಿಸುವ ಮೊದಲೇ ಯೋಚಿಸಿ. ಇಪ್ಪತ್ತು, ಮೂವತ್ತು ವರ್ಷ ಬದುಕುವ ಜೀವ. ಮಾರಾಟ, ಸಾಗಾಟಕ್ಕೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ನಿಯಮವೂ ಇದೆ, ಆಯಾ ದೇಶದ ಪರವಾನಗಿಯೂ ಬೇಕಾಗುತ್ತೆ.

ಕೋಳಿ ಯಂತ್ರವನ್ನು ಕೋಳಿ ಸಾಕುವ ಗೆಳೆಯರೊಬ್ಬರಿಗೆ ಕೊಟ್ಟೆ, ಸ್ಪೀಕರ್ ಮೇಲಿನ ಟೇಪು, ಹತ್ತಿ ಸಮೇತ. ಅದು ಯಾಕೆ ಅಂತ ಕೇಳಿದರು, ಹೇಳಿದೆ. ಮೊನ್ನೆ ಸಿಕ್ಕಿದ್ದರು. ಇಪ್ಪತ್ತೊಂದು ದಿನದಲ್ಲಿ ಒಂದು ಸಲವೂ ಕೂಗಲಿಲ್ಲವಂತೆ.